ಮೈದಾನಕ್ಕೆ ಜನ ಬರದಿದ್ದರೆ ಕ್ಲಬ್ಬಿನ ದುಡ್ಡು ಎಲ್ಲಿ ನಿಲ್ತದೆ?

[ದೃಶ್ಯ: ರಸ್ತೆ ಬದಿಯ ಫ್ಲೆಕ್ಸ್. ಕ್ಯಾಮೆರಾ ಮೇಲಿನಿಂದ ನಿಧಾನಕ್ಕೆ ಕೆಳಗಿಳಿಯುತ್ತದೆ]

ನಮಸ್ಕಾರ. ಈ ಫ್ಲೆಕ್ಸನ್ನು ಒಮ್ಮೆ ಸರಿಯಾಗಿ ನೋಡಿ. ಡಿಸೆಂಬರ್ ಕಳೆದ ಮೇಲೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಎಲ್ಲಿ ಹೋದರೂ ಇಂಥದ್ದು ನಾಲ್ಕು ಕಾಣ್ತದೆ. ಮೇಲೆ ಆರ್ಟ್ಸ್ ಆ್ಯಂಡ್ ಸ್ಪೋರ್ಟ್ಸ್ ಕ್ಲಬ್ಬಿನ ಹೆಸರು, ಅದರ ಕೆಳಗೆ ‘ಹೊನಲು ಬೆಳಕಿನ ಪ್ರೊ ಮಾದರಿಯ ಕಬಡ್ಡಿ ಪಂದ್ಯಾಟ’. ಪ್ರಥಮ, ದ್ವಿತೀಯ, ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್. ನಾವೆಲ್ಲ ಓದುವುದು ಇಷ್ಟೇ. ಕೆಳಗಿನ ಭಾಗಕ್ಕೆ ಯಾರ ಕಣ್ಣೂ ಹೋಗುವುದಿಲ್ಲ. ಬೇಕರಿ, ಚಿನ್ನದಂಗಡಿ, ಸಿಮೆಂಟ್ ಏಜೆನ್ಸಿ, ಅಡಿಕೆ ವ್ಯಾಪಾರಿ, ದುಬಾಯಿಯಲ್ಲಿರುವ ಯಾರದೋ ಪಾಸ್‌ಪೋರ್ಟ್ ಸೈಜಿನ ಫೋಟೋ.

ಇವತ್ತಿನ ವಿಡಿಯೋ ಆ ಕೆಳಗಿನ ಭಾಗದ ಬಗ್ಗೆ, ಕೋವಿಡ್ ಕಾಲದ ಹಾಗೆ ಜನ ಸೇರುವುದೇ ನಿಂತರೆ ಆ ದುಡ್ಡಿಗೆ ಎಂತ ಆಗ್ತದೆ ಎನ್ನುವುದರ ಬಗ್ಗೆ.

ಜನ ಬರದಿದ್ದರೆ ಟಿಕೆಟಿನ ದುಡ್ಡು ಹೋಗ್ತದೆ, ಅಷ್ಟೇ ಅಲ್ವಾ ಅಂತ ಕೇಳಬಹುದು. ನಮ್ಮ ಕಡೆ ಹೆಚ್ಚಿನ ಕಬಡ್ಡಿಗೆ ಟಿಕೆಟ್ಟೇ ಇಲ್ಲ ಮಾರಾಯ್ರೆ! ಸೆವೆನ್ಸ್, ಅಂದರೆ ತಂಡಕ್ಕೆ ಏಳು ಜನರ ಫುಟ್‌ಬಾಲಿಗೆ ಉಂಟು, ಕಬಡ್ಡಿಗೆ ಬಂದವರೆಲ್ಲ ಪುಕ್ಕಟೆ ನೋಡಿ ಹೋಗುವುದು. ಹಾಗಿದ್ದೂ ಆ ಪುಕ್ಕಟೆ ಜನ ಬರದಿದ್ದರೆ ಕ್ಲಬ್ಬಿಗೆ ಕುತ್ತಿಗೆಗೆ ಬರ್ತದೆ. ಯಾಕೆ?

[ದೃಶ್ಯ: ಗದ್ದೆಯಲ್ಲಿ ಗ್ಯಾಲರಿ ಕಟ್ಟುವ ಹುಡುಗರು]

ಒಂದು ರಾತ್ರಿಯ ಪಂದ್ಯಾಟಕ್ಕೆ ಖರ್ಚು ಎಲ್ಲೆಲ್ಲಿ ಉಂಟು ನೋಡಿ. ಮ್ಯಾಟಿನ ಬಾಡಿಗೆ, ಲೈಟು, ಮೈಕು, ಜನರೇಟರ್. ಅಂಪಾಯರುಗಳ ಸಂಭಾವನೆ, ಬಂದ ತಂಡಗಳಿಗೆ ಊಟ. ಟ್ರೋಫಿ, ನಗದು ಬಹುಮಾನ. ವೀಕ್ಷಕ ವಿವರಣೆಗೆ ಒಳ್ಳೆ ಗಂಟಲಿನ ಒಬ್ಬ ಬೇಕು, ಅವನಿಲ್ಲದಿದ್ದರೆ ಫೈನಲ್ ಕೂಡ ಸಪ್ಪೆ. ಮೇಲಿಂದ ಅನುಮತಿಗಾಗಿ ಪಂಚಾಯತು, ಪೊಲೀಸ್ ಸ್ಟೇಷನ್ ಅಂತ ಓಡಾಟ. ಇನ್ನೂರು ಜನ ಬಂದರೂ ಎರಡು ಸಾವಿರ ಜನ ಬಂದರೂ ಈ ಖರ್ಚು ಹೆಚ್ಚು ಕಡಿಮೆ ಒಂದೇ. ಜನರೇಟರಿನವನು ಗ್ಯಾಲರಿಯಲ್ಲಿ ಎಷ್ಟು ತಲೆ ಉಂಟು ಅಂತ ಎಣಿಸಿ ಬಿಲ್ಲು ಮಾಡುವುದಿಲ್ಲ.

ಆದಾಯದ ಕತೆ ಪೂರ್ತಿ ಉಲ್ಟಾ. ಅದು ಬರುವುದೇ ತಲೆ ಎಣಿಸಿ. ಚರುಮುರಿ, ಆಮ್ಲೆಟ್, ಐಸ್‌ಕ್ರೀಮಿನ ಸ್ಟಾಲಿನವರು ನೆಲಬಾಡಿಗೆ ಕೊಡುವುದು ಜನ ಬರ್ತಾರೆ ಅಂತ. ಲಕ್ಕಿ ಕೂಪನ್ ಖಾಲಿಯಾಗುವುದು ಜನರ ನಡುವೆ ಹುಡುಗರು ಪುಸ್ತಕ ಹಿಡಿದು ತಿರುಗುವಾಗ. ಸಿಮೆಂಟ್ ಏಜೆನ್ಸಿಯವರು ಪ್ರಥಮ ಬಹುಮಾನಕ್ಕೆ ಹಣ ಕೊಡುವುದು ಕಬಡ್ಡಿಯ ಮೇಲಿನ ಪ್ರೀತಿಯಿಂದ ಮಾತ್ರ ಅಂತ ತಿಳ್ಕೊಳ್ಳಬೇಡಿ. ಮೈಕಿನಲ್ಲಿ ಅವರ ಹೆಸರು ರಾತ್ರಿಯಿಡೀ ಕೇಳಬೇಕು, ಕೇಳಿದವರಲ್ಲಿ ಹತ್ತು ಜನರಾದರೂ ಮನೆ ಕಟ್ಟುವವರು ಇರಬೇಕು. ಅಂದರೆ ಕ್ಲಬ್ಬು ಮಾರುವುದು ಆಟವನ್ನಲ್ಲ. ಜನ ಸೇರ್ತಾರೆ ಎನ್ನುವ ಭರವಸೆಯನ್ನು.

[ದೃಶ್ಯ: ಕಪ್ಪು ಹಲಗೆಯ ಮೇಲೆ ಲೆಕ್ಕ]

ಅಂದಾಜಿಗೆ ಒಂದು ಲೆಕ್ಕ ಹಾಕೋಣ, ಇದು ಯಾವ ಕ್ಲಬ್ಬಿನದ್ದೂ ಅಲ್ಲ. ಖರ್ಚು 3 ಲಕ್ಷ ಅಂತ ಇಟ್ಕೊಳ್ಳಿ. ಪ್ರಾಯೋಜಕರಿಂದ ಒಂದೂವರೆ ಲಕ್ಷ, ಕೂಪನಿನಿಂದ 80 ಸಾವಿರ, ತಂಡಗಳ ಪ್ರವೇಶ ಶುಲ್ಕ 50 ಸಾವಿರ, ಸ್ಟಾಲು 40 ಸಾವಿರ. ಒಟ್ಟು 3 ಲಕ್ಷದ 20 ಸಾವಿರ. ಉಳಿಯುವುದು 20 ಸಾವಿರ. ಕ್ಲಬ್ಬಿನ ಕೋಣೆಯ ಕರೆಂಟು ಬಿಲ್ಲು, ಹುಡುಗರ ಜೆರ್ಸಿ, ಆಗಸ್ಟ್ 15ರ ಪಾಯಸ ಎಲ್ಲ ಆ 20 ಸಾವಿರದಲ್ಲೇ ಆಗಬೇಕು.

ಈಗ ಜನ ಸೇರಬಾರದು ಅಂತ ಆದೇಶ ಬಂತು, ಆದರೂ ಪಂದ್ಯ ಮಾಡಿಯೇ ತೀರ್ತೇವೆ ಅಂತ ಹೊರಟಿರಿ. ಸ್ಟಾಲು ಸೊನ್ನೆ. ಕೂಪನ್ ಅರ್ಧ, ಪ್ರಾಯೋಜಕರೂ ಅರ್ಧ. ಪ್ರವೇಶ ಶುಲ್ಕ ಸೇರಿಸಿ ಕೈಗೆ ಬರುವುದು 1 ಲಕ್ಷದ 65 ಸಾವಿರ. ಖರ್ಚು ಮಾತ್ರ ಇಳಿಯಲಿಲ್ಲ. 1 ಲಕ್ಷದ 35 ಸಾವಿರ ಸಾಲ, ಅದು ಬೀಳುವುದು ಕಾರ್ಯದರ್ಶಿಯ ತಲೆ ಮೇಲೆ. ನಮ್ಮೂರಿನ ಎಷ್ಟೋ ಕ್ಲಬ್ಬುಗಳಿಗೆ ಓವರ್‌ಡ್ರಾಫ್ಟ್ ಅಂದರೆ ಖಜಾಂಚಿಯ ಹೆಂಡತಿಯ ಬಳೆ.

[ದೃಶ್ಯ: ತಲಪಾಡಿ ಗಡಿ]

2020ರ ಫೆಬ್ರವರಿ 3ರಂದು ಭಾರತದ ಮೂರನೇ ಕೋವಿಡ್ ಪ್ರಕರಣ ದೃಢಪಟ್ಟದ್ದು ನಮ್ಮ ಜಿಲ್ಲೆಯಲ್ಲಿ. ಮಾರ್ಚಿನಲ್ಲಿ ಕಾಸರಗೋಡು ಅಂದರೆ ದೇಶವೇ ಹೆದರುವ ಹಾಗಾಯಿತು. ಕರ್ನಾಟಕಕ್ಕೆ ಹೋಗುವ ತಲಪಾಡಿ ಗಡಿ ಬಂದ್ ಆಯಿತು, ಒಳರಸ್ತೆಗಳಿಗೆ ಮಣ್ಣು ಸುರಿದರು, ರೋಗಿಗಳ ಗಾಡಿಯೇ ಮಂಗಳೂರಿಗೆ ಹೋಗದೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆಸ್ಪತ್ರೆಗೇ ದಾರಿ ಇಲ್ಲದಾಗ ಕಬಡ್ಡಿಯ ಮಾತು ಯಾರು ಎತ್ತುವುದು? ಎತ್ತಬಾರದು ಕೂಡ. ಆದರೆ ಲೆಕ್ಕ ಲೆಕ್ಕವೇ. ನಮ್ಮ ಪಂದ್ಯಾಟಗಳಿಗೆ ತಂಡಗಳೂ ಜನರೂ ಉಳ್ಳಾಲ, ಪುತ್ತೂರು, ಸುಳ್ಯದ ಕಡೆಯಿಂದ ಬರುವವರು. ಗಡಿ ಮುಚ್ಚಿತು ಅಂದರೆ ಗ್ಯಾಲರಿಯ ಒಂದು ಬದಿ ಖಾಲಿ.

ತಿಂಗಳು ನೋಡಿ. ಲಾಕ್‌ಡೌನ್ ಬಂದದ್ದು ಮಾರ್ಚ್ ಕೊನೆಗೆ, ಎರಡನೇ ಅಲೆ ಮರುವರ್ಷದ ಏಪ್ರಿಲ್–ಮೇಯಲ್ಲಿ. ಎರಡೂ ಸಲ ಸೀಸನ್ನಿನ ನಡುವಿಗೇ ಬಂದು ಬಿತ್ತು. ಜೂನ್ ಹತ್ತಿರ ಬಂತು ಅಂದರೆ ಮಳೆ, ಗದ್ದೆಯಲ್ಲಿ ಮೊಣಕಾಲು ನೀರು. ದೊಡ್ಡ ಲೀಗಿನವರು ಸೆಪ್ಟೆಂಬರಿಗೆ ಮುಂದೂಡಬಹುದು, ನಮಗೆ ಮುಂದೂಡುವುದು ಅಂದರೆ ಮುಂದಿನ ವರ್ಷ. ಲೈಟಿನವರಿಗೆ ಅಡ್ವಾನ್ಸ್ ಕೊಟ್ಟಾಗಿದೆ, ಕೂಪನ್ ಅರ್ಧ ಮಾರಿಯಾಗಿದೆ. ಕೂಪನ್ ತೆಗೆದುಕೊಂಡವರು ದಾರಿಯಲ್ಲಿ ಸಿಕ್ಕಿದಾಗಲೆಲ್ಲ ‘ಡ್ರಾ ಯಾವಾಗ?’ ಅಂತ ಕೇಳಿದರೆ ಎಂತ ಹೇಳುವುದು?

[ದೃಶ್ಯ: ಖಾಲಿ ಸ್ಟೇಡಿಯಂ]

ಇನ್ನು ದೊಡ್ಡವರ ಕತೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿಗೆ ಪಂದ್ಯದ ದಿನದ ಆದಾಯ ಅಂತ 2019–20ರಲ್ಲಿ ಬಂದದ್ದು 8 ಕೋಟಿ 98 ಲಕ್ಷ ಪೌಂಡ್. ಮರುವರ್ಷ ಬಾಗಿಲು ಮುಚ್ಚಿ ಆಡಿದಾಗ 71 ಲಕ್ಷ. ನೂರರಲ್ಲಿ ತೊಂಬತ್ತೆರಡು ಪಾಲು ಮಾಯ! ಆದರೂ ಕ್ಲಬ್ಬು ಮುಳುಗಲಿಲ್ಲ, ಯಾಕೆಂದರೆ ಟಿವಿ ಹಕ್ಕಿನ ಹಣ ನಿಲ್ಲಲಿಲ್ಲ. ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನದ್ದು ಬೇರೆ. ಸುಮಾರು ಒಂದು ಲಕ್ಷ ಜನ ಹಿಡಿಯುವ ಸ್ಟೇಡಿಯಂ ಖಾಲಿ, ಆಟಗಾರರ ಸಂಬಳವೇ ಆದಾಯಕ್ಕಿಂತ ಹೆಚ್ಚು. 2021ರ ಆಗಸ್ಟಿನಲ್ಲಿ ಅಧ್ಯಕ್ಷ ಲಾಪೋರ್ಟಾ 135 ಕೋಟಿ ಯೂರೋ ಸಾಲ ಉಂಟು ಅಂದರು. ಅದೇ ತಿಂಗಳು ಮೆಸ್ಸಿ ಕಣ್ಣೀರು ಹಾಕಿ ಹೊರಟ. ಇದನ್ನು ಬರೀ ಕೋವಿಡಿನ ಮೇಲೆ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಜನ ಇರುವಾಗ ಮುಚ್ಚಿಟ್ಟ ತೂತು ಜನ ಇಲ್ಲದಾಗ ಕಂಡಿತು, ಅಷ್ಟೇ.

ನಮ್ಮ ದೇಶದಲ್ಲೂ ಹಾಗೆಯೇ. 2020ರ ಐಪಿಎಲ್ ಯುಎಇಯ ಖಾಲಿ ಮೈದಾನಗಳಲ್ಲಿ ನಡೆಯಿತು. ಐದು ವರ್ಷದ ಪ್ರಸಾರ ಹಕ್ಕಿಗೆ 16,347 ಕೋಟಿ ರೂಪಾಯಿಯ ಒಪ್ಪಂದ ಇದ್ದ ಕಾರಣ ನಡೆಸಲೇಬೇಕಿತ್ತು, ನಡೆಸಲಿಕ್ಕೆ ಆಯಿತು ಕೂಡ. ಆ ಮೇಲಿನ ಜನವರಿಯಲ್ಲಿ ನಮ್ಮ ತಳಂಗರೆಯ ಹುಡುಗ, ಕೇರಳ ತಂಡದ ಮೊಹಮ್ಮದ್ ಅಜರುದ್ದೀನ್ ವಾಂಖೆಡೆಯಲ್ಲಿ ಮುಂಬೈ ಎದುರು 54 ಎಸೆತಕ್ಕೆ ಔಟಾಗದೆ 137 ಹೊಡೆದ. ಚಪ್ಪಾಳೆ ಹೊಡೆಯಲಿಕ್ಕೆ ಗ್ಯಾಲರಿಯಲ್ಲಿ ನರಪಿಳ್ಳೆ ಇಲ್ಲ. ಆದರೆ ಕ್ರಿಕೆಟ್ ಮಂಡಳಿಯ ಹತ್ತಿರ ಹಣ ಉಂಟು, ಪಂದ್ಯ ನಿಲ್ಲಲಿಲ್ಲ, ಹುಡುಗನನ್ನು ಆರ್‌ಸಿಬಿ ತೆಗೆದುಕೊಂಡಿತು. ಕಬಡ್ಡಿಯನ್ನೇ ತೆಗೆದುಕೊಳ್ಳಿ. ಪ್ರೊ ಕಬಡ್ಡಿಯ ಎಂಟನೇ ಆವೃತ್ತಿ 2021ರ ಡಿಸೆಂಬರ್ 22ರಿಂದ ಬೆಂಗಳೂರಿನ ವೈಟ್‌ಫೀಲ್ಡಿನ ಒಂದು ಹೋಟೆಲಿನ ಒಳಗೆ, ಪ್ರೇಕ್ಷಕರೇ ಇಲ್ಲದೆ ನಡೆಯಿತು. ಅದೇ ಆಟ, ಅದೇ ಮ್ಯಾಟ್. ಆದರೆ ಅದರ ಪ್ರೇಕ್ಷಕ ಸೋಫಾದಲ್ಲಿ ಕೂತವನು, ನಮ್ಮ ಪ್ರೇಕ್ಷಕ ಗದ್ದೆಯ ಹುಣಿಯಲ್ಲಿ ನಿಂತವನು.

ಟಿವಿ ಇಲ್ಲದವರು ಎಂತ ಮಾಡಿದರು? ಜರ್ಮನಿಯ ನಾಲ್ಕನೇ ದರ್ಜೆಯ ಫುಟ್‌ಬಾಲ್ ಲೀಗಿನಲ್ಲಿದ್ದ ಲೊಕೊಮೊಟಿವ್ ಲೈಪ್‌ಜಿಗ್ ಕ್ಲಬ್ಬಿನವರದ್ದು ಭಾರಿ ತಲೆ. ‘ಕಣ್ಣಿಗೆ ಕಾಣದ ಎದುರಾಳಿ’ಯ ಜೊತೆ ಪಂದ್ಯ ಅಂತ ಹೇಳಿ, ನಡೆಯದ ಆಟಕ್ಕೆ 1 ಯೂರೋದ ಟಿಕೆಟ್ ಮಾರಿದರು. 1987ರಲ್ಲಿ ಅವರ ಒಂದು ಪಂದ್ಯಕ್ಕೆ 1,20,000 ಜನ ಬಂದಿದ್ದರಂತೆ, ಆ ದಾಖಲೆ ಮುರಿಯೋಣ ಅಂದರು. ಮುರಿದರು. ಅದಕ್ಕಿಂತ ಹೆಚ್ಚು ಟಿಕೆಟ್ ಹೋಯಿತು. ಅದೇ ದೇಶದ ಮೊಂಚೆನ್‌ಗ್ಲಾಡ್‌ಬಾಕಿನಲ್ಲಿ ಅಭಿಮಾನಿಗಳು 19 ಯೂರೋ ಕೊಟ್ಟು ತಮ್ಮ ಫೋಟೋದ ರಟ್ಟಿನ ಆಳನ್ನು ಗ್ಯಾಲರಿಯಲ್ಲಿ ಕೂರಿಸಿದರು. ನಗು ಬರ್ತದೆ, ಆದರೆ ದುಡ್ಡೂ ಬಂತು.

ಲೈವ್ ಮಾಡಿದರೆ ಆಗುದಿಲ್ವಾ ಅಂತ ಕೇಳುವವರಿಗೆ ಒಂದು ಮಾತು. ನಮ್ಮ ಕಡೆ ಯೂಟ್ಯೂಬ್ ಲೈವ್ ಮೊದಲೇ ಇತ್ತು. ಜಾಹೀರಾತಿನ ಹಣ ಹೋಗುವುದು ಚಾನೆಲಿನವರಿಗೆ. ದುಬಾಯಿಯಲ್ಲಿ ಕೂತು ನೋಡುವವನು ‘ಸೂಪರ್’ ಅಂತ ಹಾಕ್ತಾನೆ. ಅವನು ಕುಂಬಳೆಯಲ್ಲಿ ಬಂದು ಒಂದು ಮೂಟೆ ಸಿಮೆಂಟ್ ತೆಗೆದುಕೊಳ್ಳುವುದಿಲ್ಲ, ಚರುಮುರಿಯೂ ತಿನ್ನುವುದಿಲ್ಲ.

[ದೃಶ್ಯ: ತುಂಬಿ ತುಳುಕುವ ಗ್ಯಾಲರಿ]

2022ಕ್ಕೆ ಬನ್ನಿ. ಮಂಜೇರಿಯ ಪಯ್ಯನಾಡ್ ಸ್ಟೇಡಿಯಮ್ಮಿನಲ್ಲಿ ಸಂತೋಷ್ ಟ್ರೋಫಿ, ಅಂದರೆ ರಾಜ್ಯ ತಂಡಗಳ ಫುಟ್‌ಬಾಲ್. ಸೆಮಿಫೈನಲಿನಲ್ಲಿ ಕೇರಳ 7, ಕರ್ನಾಟಕ 3. (ಗಡಿನಾಡ ಕನ್ನಡಿಗ ಯಾರ ಕಡೆ ಅಂತ ಕೇಳಬೇಡಿ, ಆ ದಿನ ನಮಗೆ ಹತ್ತು ಗೋಲು.) ಜನಸಾಗರ ಅಂದರೆ ಜನಸಾಗರ. ಆದರೆ ಅದೇ ವರ್ಷದ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯ ಪೂಂಗೋಡಿನಲ್ಲಿ ಸೆವೆನ್ಸ್ ನೋಡಲಿಕ್ಕೆ ಜನ ಮುಗಿಬಿದ್ದು ತಾತ್ಕಾಲಿಕ ಗ್ಯಾಲರಿ ಕುಸಿಯಿತು, ಸುಮಾರು ಇನ್ನೂರು ಜನರಿಗೆ ಗಾಯ. ಎರಡು ವರ್ಷದ ನಷ್ಟ ಒಂದೇ ರಾತ್ರಿಯಲ್ಲಿ ತುಂಬಿಸಿಕೊಳ್ಳುವ ಆಸೆ ಎಲ್ಲ ಸಂಘಟಕರಿಗೂ ಇರ್ತದೆ, ಅಡಿಕೆ ಮರದ ಗ್ಯಾಲರಿಗೆ ಆ ಆಸೆಯ ಭಾರ ಹೊರಲಿಕ್ಕೆ ಆಗುವುದಿಲ್ಲ. ಹಾಗಾಗಿ ಜನ ವಾಪಸು ಬಂದರೂ ಖರ್ಚು ಒಂದು ಸಾಲು ಉದ್ದವೇ: ಗಟ್ಟಿ ಗ್ಯಾಲರಿ, ವಿಮೆ.

ಕ್ಲಬ್ಬು ನಡೆಸುವವರಿಗೆ ನಾನು ಹೇಳುವುದು ಎರಡೇ. ಸದಸ್ಯರಿಂದ ತಿಂಗಳಿಗೆ ಐವತ್ತೋ ನೂರೋ ವಂತಿಗೆ ತೆಗೆದುಕೊಳ್ಳಿ, ಕೋಣೆ ಬಾಡಿಗೆಯೂ ಕರೆಂಟೂ ಅದರಲ್ಲೇ ಸಾಗಲಿ. ಪಂದ್ಯಾಟದ ಖಾತೆ ಬೇರೆ ಇರಲಿ. ಮತ್ತೆ ಲೈಟಿನವರು, ಮ್ಯಾಟಿನವರು ಅಡ್ವಾನ್ಸ್ ಕೇಳುವಾಗ, ಸರಕಾರದ ಆದೇಶದಿಂದ ಪಂದ್ಯ ನಿಂತರೆ ಎಷ್ಟು ವಾಪಸು, ಎಷ್ಟು ಮುಂದಿನ ವರ್ಷಕ್ಕೆ ಜಮೆ ಅಂತ ಆ ರಶೀದಿಯ ಹಿಂದೆಯೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಪರಿಚಯದವರು ಅಂತ ನಾಚಿಕೆ ಬೇಡ. ಪರಿಚಯದವರ ಹತ್ತಿರ ಆಮೇಲೆ ಕೇಳುವುದೇ ಹೆಚ್ಚು ಕಷ್ಟ.