ಹಳೇ ಫೋರ್ ಬೈ ಫೋರ್ ಗಾಡಿ ಎತ್ತರ ಮಾಡ್ಸೋ ಮುಂಚೆ ಅದರ ಕೆಳಗೆ ಒಂದ್ಸಲ ಮಲಗಿ ನೋಡಿ

ನಮಸ್ಕಾರ ಎಲ್ರಿಗೂ. ಇವತ್ತು ಸ್ವಲ್ಪ ನೇರವಾಗೇ ಮಾತಾಡ್ತೀನಿ, ಯಾಕಂದ್ರೆ ಈ ವಿಷ್ಯ ನಂಗೆ ತುಂಬಾ ಹತ್ತಿರದ್ದು. ಹಳೇ ಫೋರ್ ಬೈ ಫೋರ್, ಅಂದ್ರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗೋ ಗಾಡಿ, ಒಂದನ್ನ ಆಸೆಪಟ್ಟು ತಗೊಂಡವರು ಮೊದಲು ಏನ್ ಮಾಡ್ತಾರೆ ನೋಡಿ. ಗಾಡಿ ಎತ್ತರ ಮಾಡೋ ಲಿಫ್ಟ್ ಕಿಟ್ ಆರ್ಡರ್ ಮಾಡ್ತಾರೆ, ದಪ್ಪ ಟೈರ್ ಹಾಕಿಸ್ತಾರೆ, ಮುಂದೆ ಕಬ್ಬಿಣದ ಬಂಪರ್ರು, ಅದರ ಮೇಲೆ ಸಿಕ್ಕಿಬಿದ್ದ ಗಾಡಿನ ಹಗ್ಗದಿಂದ ಎಳೆಯೋ ವಿಂಚು, ಟಾಪ್ ಮೇಲೆ ಲೈಟ್ ಬಾರು. ಫೋಟೋದಲ್ಲಿ ಗಾಡಿ ಚೆನ್ನಾಗಿ ಕಾಣತ್ತೆ, ಒಪ್ತೀನಿ. ಆದ್ರೆ ಅದೇ ಗಾಡಿ ಕೆಳಗೆ ಟಾರ್ಚ್ ಹಿಡ್ಕೊಂಡು ಮಲಗಿ ನೋಡಿದ್ರೆ ಸ್ಪ್ರಿಂಗ್ ಬುಷ್ ಎಲ್ಲಾ ಪುಡಿಪುಡಿ, ಆಕ್ಸಲ್‌ಗೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಅಲ್ಲಾಡಿಸಿದ್ರೆ ಟಕಟಕ ಅಂತದೆ, ಆಕ್ಸಲ್ ಹೌಸಿಂಗ್ (ಆಕ್ಸಲ್ ಸುತ್ತಲಿನ ಕಬ್ಬಿಣದ ಕವಚ) ಸೀಲಿಂದ ಎಣ್ಣೆ ಒಸರಿ ಅದರ ಮೇಲೆ ಮಣ್ಣು ಮೆತ್ಕೊಂಡಿದೆ. ನಾನು ಹೇಳೋದು ಇಷ್ಟು, ಹಳೇ ಗಾಡಿಗೆ ಮಾಡೋ ಮೊದಲನೇ ಮಾಡಿಫಿಕೇಶನ್ ಅಂದ್ರೆ ಅದು ಕಾರ್ಖಾನೆಯಿಂದ ಹೊರಗೆ ಬಂದ ದಿನ ಹೇಗಿತ್ತೋ ಹಾಗೆ ಮಾಡೋದು. ಮಿಕ್ಕಿದ್ದೆಲ್ಲಾ ಅದಾದ್ಮೇಲೆ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳ್ತಿದೀನಿ ಅಂದ್ರೆ ಈ ಗಾಡಿಗಳು ಹುಟ್ಟಿದ್ದೇ ದಾರಿ ಇಲ್ಲದ ಕಡೆ ಓಡೋಕೆ. ಅಮೆರಿಕದ ಸೈನ್ಯದ ಜೀಪು ವಿಲ್ಲೀಸ್ ಎಂಬಿ ಬಂದಿದ್ದು 1941ರಲ್ಲಿ, ಅದಕ್ಕಿದ್ದಿದ್ದು ಸುಮಾರು 60 ಕುದುರೆ ಶಕ್ತಿ ಮತ್ತೆ 6 ಇಂಚು ಅಗಲದ ಸಣಕಲು ಟೈರು, ಅದ್ರಲ್ಲೇ ಯುದ್ಧದ ಕೆಸರು ಮರಳು ಎಲ್ಲಾ ದಾಟ್ತು. ಲ್ಯಾಂಡ್ ರೋವರ್ 1948, ಟೊಯೋಟಾದ 40 ಸೀರೀಸ್ ಲ್ಯಾಂಡ್ ಕ್ರೂಸರ್ 1960, ಸುಜುಕಿ ಎಲ್‌ಜೆ10 1970. ಇವೆಲ್ಲದರಲ್ಲೂ ಏಣಿ ಥರದ ಗಟ್ಟಿ ಚಾಸಿ, ಹಿಂದೆ ಮುಂದೆ ಎರಡೂ ಕಡೆ ಸಾಲಿಡ್ ಆಕ್ಸಲ್ (ಎಡ ಬಲ ಚಕ್ರ ಜೋಡಿಸೋ ಒಂದೇ ಗಟ್ಟಿ ಆಕ್ಸಲ್), ಪಟ್ಟಿ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗು, ಜೊತೆಗೆ ನಿಧಾನಕ್ಕೆ ಹೆಚ್ಚು ಎಳೆತ ಕೊಡೋ ಲೋ ರೇಂಜ್ ಗೇರು. ಅಂದ್ರೆ ಬೇಕಾದ್ದು ಆಗ್ಲೇ ಇತ್ತು. ನಿಮ್ಮ ಗಾಡಿ ಇವತ್ತು ಒಂದು ಏರು ಹತ್ತಕ್ಕಾಗದೆ ಒದ್ದಾಡ್ತಿದೆ ಅಂದ್ರೆ ಹೆಚ್ಚಿನ ಸಲ ಅದಕ್ಕೆ ಏನೋ ಕಮ್ಮಿ ಇದೆ ಅಂತಲ್ಲ, ಇದ್ದಿದ್ದು ಸವೆದು ಹೋಗಿದೆ ಅಂತ.

ಮೊದಲು ಚಾಸಿ. ಬಾಕ್ಸ್ ಥರದ ಚಾಸಿ ಹೊರಗಿಂದ ಪೇಂಟ್ ಹೊಡೆದು ಹೊಳೀತಿರತ್ತೆ, ತುಕ್ಕು ತಿನ್ನೋದು ಒಳಗಿಂದ, ಮಣ್ಣು ಒಳಗೆ ಸೇರ್ಕೊಂಡು ತೇವ ಹಿಡ್ಕೊಂಡು ಕೂತಿರತ್ತೆ. ಸಣ್ಣ ಸುತ್ತಿಗೆ ತಗೊಂಡು ತಟ್ಟುತ್ತಾ ಹೋಗಿ, ಗಟ್ಟಿ ಕಡೆ ಠಣ್ ಅನ್ನತ್ತೆ, ಕೊಳೆತ ಕಡೆ ಸಪ್ಪೆ ಶಬ್ದ ಬರತ್ತೆ. ಸ್ಪ್ರಿಂಗ್ ಹ್ಯಾಂಗರ್ ಬೆಸುಗೆ ಹತ್ರ, ಬಾಡಿ ಮೌಂಟ್ ಹತ್ರ, ಮುಖ್ಯವಾಗಿ ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂತಿರೋ ಜಾಗದಲ್ಲಿ ಕೂದಲೆಳೆ ಬಿರುಕು ಇದೆಯಾ ಅಂತ ವೈರ್ ಬ್ರಷ್ ಹಾಕಿ ಉಜ್ಜಿ ನೋಡಿ. ದೊಡ್ಡ ಟೈರ್ ಹಾಕಿದ್ಮೇಲೆ ಆ ಬಿರುಕಿನ ಮೇಲೆ ಬೀಳೋ ಭಾರ ಇನ್ನೂ ಜಾಸ್ತಿ. ಅಲ್ಲಿ ಕಬ್ಬಿಣ ಸರಿ ಇಲ್ಲದೆ ಮುಂದಿನ ಯಾವ ಮಾತೂ ಬೇಡ.

ಆಮೇಲೆ ಪ್ಲೇ, ಅಂದ್ರೆ ಸವೆದ ಕೀಲುಗಳ ಸಡಿಲ. ಮುಂದಿನ ಚಕ್ರ ಜ್ಯಾಕ್ ಮೇಲೆ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲ್ಲಾಡ್ಸಿ. ಅಲ್ಲಾಡಿದ್ರೆ ವೀಲ್ ಬೇರಿಂಗೋ, ಚಕ್ರ ಎಡ ಬಲಕ್ಕೆ ತಿರುಗೋ ಕೀಲಾದ ಕಿಂಗ್‌ಪಿನ್ನೋ ಹೋಗಿದೆ. ಎಡ ಬಲ ಹಿಡಿದು ಅಲ್ಲಾಡಿಸಿದ್ರೆ ಎರಡೂ ಚಕ್ರನ ಜೋಡಿಸೋ ಸ್ಟೀರಿಂಗ್ ಸರಳಿನ ತುದಿ, ಅಂದ್ರೆ ಟೈ ರಾಡ್ ಎಂಡ್, ಅದರ ಕಥೆ ಗೊತ್ತಾಗತ್ತೆ. ಸಾಲಿಡ್ ಆಕ್ಸಲ್ ಗಾಡಿಲಿ ಒಂದು ಗುಂಡಿಗೆ ಇಳಿದ ತಕ್ಷಣ ಮುಂದಿನ ಚಕ್ರ ಎರಡೂ ಹುಚ್ಚೆದ್ದು ನಡುಗೋದು ಅಂತ ಇದೆಯಲ್ಲ, ಅದನ್ನ ಅನುಭವಿಸಿದವರಿಗೆ ಗೊತ್ತು ಅದೆಷ್ಟು ಭಯ ಆಗತ್ತೆ ಅಂತ. ಅದಕ್ಕೆ ತುಂಬಾ ಜನ ಮಾಡೋದು ನಡುಕ ತಗ್ಗಿಸೋ ಒಂದು ದಪ್ಪ ಸ್ಟೀರಿಂಗ್ ಡ್ಯಾಂಪರ್ ಹಾಕ್ಸಿ ಸುಮ್ನಾಗೋದು. ದಯವಿಟ್ಟು ಹಾಗೆ ಮಾಡ್ಬೇಡಿ, ಡ್ಯಾಂಪರ್ ರೋಗನ ಮುಚ್ಚಿಡತ್ತೆ ಅಷ್ಟೇ, ಸವೆದ ಜಾಯಿಂಟು ಒಳಗೊಳಗೇ ಇನ್ನೂ ಸವೀತಾನೇ ಇರತ್ತೆ, ಒಂದಿನ ಕಿತ್ಕೊಂಡು ಬರತ್ತೆ. ಮೊದಲು ಕಿಂಗ್‌ಪಿನ್ ಬೇರಿಂಗು, ಟೈ ರಾಡು, ಸ್ಪ್ರಿಂಗ್ ಬುಷ್ಷು, ಕ್ಯಾಸ್ಟರ್ ಆಂಗಲ್ಲು (ಚಕ್ರ ತಿರುಗೋ ಕೀಲು ಹಿಂದಕ್ಕೆ ವಾಲಿರೋ ಕೋನ), ಟೈರ್ ಬ್ಯಾಲೆನ್ಸು. ಡ್ಯಾಂಪರ್ ಕೊನೆಗೆ.

ಎಣ್ಣೆ ವಿಷ್ಯದಲ್ಲಿ ಎಲ್ರೂ ಇಂಜಿನ್ ಆಯಿಲ್ ಬಗ್ಗೆ ಗಂಟೆಗಟ್ಲೆ ಮಾತಾಡ್ತಾರೆ, ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು, (ಶಕ್ತಿನ ಹಿಂದೆ ಮುಂದಿನ ಆಕ್ಸಲ್‌ಗೆ ಹಂಚೋದು), ಹಿಂದೆ ಮುಂದಿನ ಡಿಫರೆನ್ಷಿಯಲ್ಲು (ಆಕ್ಸಲ್ ಮಧ್ಯದಲ್ಲಿ ಎಡ ಬಲ ಚಕ್ರಕ್ಕೆ ಹಂಚೋದು) ಯಾರಿಗೂ ನೆನಪೇ ಇರಲ್ಲ. ಹಳೇ ಗೇರ್‌ಬಾಕ್ಸಲ್ಲಿ ಗೇರ್ ನಯವಾಗಿ ಬೀಳ್ಸೋ ಸಿಂಕ್ರೋ ರಿಂಗ್ ಹಿತ್ತಾಳೆದಿರತ್ತೆ, ಅದಕ್ಕೇ ಮ್ಯಾನ್ಯುಯಲ್‌ನಲ್ಲಿ ಹೆಚ್ಚಾಗಿ ಜಿಎಲ್-4 ದರ್ಜೆಯ ಗೇರ್ ಆಯಿಲ್ ಹಾಕಿ ಅಂತ ಬರ್ದಿರತ್ತೆ. ಡಿಫರೆನ್ಷಿಯಲ್‌ಗೆ, ಅಂದ್ರೆ ಅದರೊಳಗಿನ ಹೈಪಾಯ್ಡ್ ಗೇರ್ ಜೋಡಿಯಾದ ಕ್ರೌನ್ ಪಿನಿಯನ್‌ಗೆ, ಜಿಎಲ್-5. ಜಿಎಲ್-5 ನಂಬರ್ ದೊಡ್ಡದು ಹಾಗಾಗಿ ಇನ್ನೂ ಒಳ್ಳೇದಿರ್ಬೇಕು ಅಂತ ಎಲ್ಲದಕ್ಕೂ ಅದನ್ನೇ ಸುರಿಯೋರಿದಾರೆ, ಅದ್ರಲ್ಲಿರೋ ಗಂಧಕದ ಸಂಯುಕ್ತಗಳು ಕೆಲವು ಸಲ ಹಿತ್ತಾಳೆ ಭಾಗಗಳನ್ನ ನಿಧಾನಕ್ಕೆ ತಿಂತವೆ, ಆಮೇಲೆ ಗೇರ್ ಹಾಕುವಾಗ ಕರ್ರ್ ಅನ್ನತ್ತೆ. ಮ್ಯಾನ್ಯುಯಲ್ ಏನು ಹೇಳತ್ತೋ ಅದೇ ಹಾಕಿ.

ಇದ್ರ ಜೊತೆ ಒಳಗಿನ ಗಾಳಿ ಹೋಗಿ ಬರೋಕೆ ಬ್ರೀದರ್ ಅಂತ ಒಂದು ಚಿಕ್ಕ ವಸ್ತು ಇದೆ, ಆಕ್ಸಲ್ ಹೌಸಿಂಗ್ ಮೇಲೆ ಕೂತಿರತ್ತೆ, ಮಣ್ಣು ತುಂಬಿ ಮುಚ್ಚಿಹೋಗಿರತ್ತೆ, ಯಾರೂ ನೋಡಲ್ಲ. ಓಡಿ ಓಡಿ ಹೌಸಿಂಗ್ ಬಿಸಿ ಆಗಿರುವಾಗ ತಣ್ಣಗಿನ ಹಳ್ಳಕ್ಕೆ ಇಳಿಸ್ತೀರಿ, ಒಳಗಿನ ಗಾಳಿ ತಟ್ಟಂತ ಕುಗ್ಗತ್ತೆ, ಬ್ರೀದರ್‌ನಿಂದ ಗಾಳಿ ಎಳ್ಕೊಳ್ಳೋಕಾಗದೆ ಆಯಿಲ್ ಸೀಲ್ ಸಂದಿಯಿಂದ ನೀರು ಎಳ್ಕೊಳ್ಳತ್ತೆ. ಮುಂದಿನ ಸಲ ಡ್ರೈನ್ ಪ್ಲಗ್ ಬಿಚ್ಚಿದಾಗ ಎಣ್ಣೆ ಹಾಲಿನ ಬಣ್ಣದಲ್ಲಿ ಬರತ್ತೆ, ಅಷ್ಟರಲ್ಲಿ ಬೇರಿಂಗಿಗೆ ಏಟು ಬಿದ್ದಿರತ್ತೆ. ಒಂದು ರಬ್ಬರ್ ಪೈಪು, ನಾಲ್ಕು ಕ್ಲಿಪ್ಪು, ಆ ಬ್ರೀದರನ್ನ ಬಾನೆಟ್ ಒಳಗಿನ ಎತ್ತರಕ್ಕೆ ಎಳೆದು ಕಟ್ಟಿದ್ರೆ ಮುಗೀತು. ಹಳೇ ಗಾಡಿಗೆ ಮಾಡಬಹುದಾದ ಅತ್ಯಂತ ಬುದ್ಧಿವಂತ ಮಾಡಿಫಿಕೇಶನ್ ಇದು ಅಂತ ನನ್ನ ಅಭಿಪ್ರಾಯ, ಯಾರ ಫೋಟೋದಲ್ಲೂ ಕಾಣಲ್ಲ. ಇಂಜಿನ್ ಗಾಳಿ ಎಳೆಯೋ ಬಾಯಿನ ಮೇಲಕ್ಕೆ ಒಯ್ಯೋ ಸ್ನಾರ್ಕೆಲ್ ಹಾಕಿಸ್ದೆ, ಇನ್ನು ಎಷ್ಟು ಆಳಕ್ಕಾದ್ರೂ ಇಳೀತೀನಿ ಅನ್ನೋರು ಮೊದಲು ಇದನ್ನ ನೋಡ್ಲಿ, ಸ್ನಾರ್ಕೆಲ್ ಇಂಜಿನ್ ಒಳಗೆ ನೀರು ಹೋಗೋದನ್ನ ತಡೆಯತ್ತೆ, ಆಕ್ಸಲ್‌ಗೆ ಅದ್ರಿಂದ ಏನೂ ಉಪಯೋಗ ಇಲ್ಲ.

ಸರಿ, ಈಗ ಲಿಫ್ಟ್ ವಿಷ್ಯಕ್ಕೆ ಬರೋಣ, ಇಲ್ಲೇ ಜಾಸ್ತಿ ಜಗಳ ಆಗೋದು. ಸಾಲಿಡ್ ಆಕ್ಸಲ್ ಗಾಡಿಲಿ ನೆಲಕ್ಕೆ ಅತಿ ಹತ್ತಿರ ಇರೋ ಭಾಗ ಯಾವ್ದು? ಡಿಫರೆನ್ಷಿಯಲ್ ಗುಂಡು. ನೀವು ಸ್ಪ್ರಿಂಗ್ ಬದಲಾಯಿಸಿ ಗಾಡಿನ 4 ಇಂಚು ಎತ್ತಿದ್ರೆ ಆ ಗುಂಡು ಎಷ್ಟು ಮೇಲೆ ಹೋಗತ್ತೆ? ಒಂದು ಕೂದಲೆಳೆಯಷ್ಟೂ ಹೋಗಲ್ಲ, ಯಾಕಂದ್ರೆ ಆಕ್ಸಲ್ ಕೂತಿರೋದು ಚಕ್ರದ ಮೇಲೆ, ಎತ್ತಿದ್ದು ಅದರ ಮೇಲಿನ ಚಾಸಿನ. ಗುಂಡು ಮೇಲೆ ಹೋಗ್ಬೇಕಂದ್ರೆ ಟೈರೇ ದೊಡ್ಡದಾಗ್ಬೇಕು, ಅದೂ ಟೈರ್ 4 ಇಂಚು ದೊಡ್ಡದಾದ್ರೆ ಗುಂಡಿಗೆ ಸಿಗೋದು ಅದರ ಅರ್ಧ, 2 ಇಂಚು. ಹಾಗಾದ್ರೆ ಲಿಫ್ಟ್ ಏನು ಕೊಡತ್ತೆ ಅಂದ್ರೆ ದೊಡ್ಡ ಟೈರಿಗೆ ಜಾಗ, ಮುಂದೆ ಹಿಂದೆ ಬಂಪರ್ ತಾಗದೇ ಇರೋ ಕೋನ, ದಿಬ್ಬದ ಮೇಲೆ ಹೊಟ್ಟೆ ಕೂರದೇ ಇರೋ ಹಾಗೆ ಸ್ವಲ್ಪ ಅವಕಾಶ. ಇವೆಲ್ಲಾ ಬೇಕಾಗಿರೋವೇ, ಬೇಡ ಅಂತ ನಾನು ಹೇಳ್ತಿಲ್ಲ.

ಆದ್ರೆ ಅದು ಕಿತ್ಕೊಳ್ಳೋದನ್ನೂ ಲೆಕ್ಕ ಹಾಕಿ. ಪ್ರೊಪೆಲ್ಲರ್ ಶಾಫ್ಟಿನ ಕೋನ ಜಾಸ್ತಿ ಆಗಿ ಅದರ ತುದಿಯ ಕೀಲು, ಯು ಜಾಯಿಂಟ್, ಬೇಗ ಸಾಯತ್ತೆ, ಗಾಡಿ ನಡುಗೋಕೆ ಶುರು ಮಾಡತ್ತೆ. ಕ್ಯಾಸ್ಟರ್ ಬದಲಾದ್ರೆ ಸ್ಟೀರಿಂಗ್ ತಾನಾಗೇ ನೇರಕ್ಕೆ ಬರೋದು ಬಿಡತ್ತೆ. ಬ್ರೇಕ್ ಹೋಸು ಗಿಡ್ಡ ಆಗಿ, ಚಕ್ರ ಪೂರ್ತಿ ಕೆಳಗೆ ಜೋತಾಗ ಬಿಗಿಯಾಗಿ ಎಳ್ಕೊಳ್ಳತ್ತೆ, ಇದನ್ನ ನೋಡದೇ ಕೈಬಿಡೋ ವರ್ಕ್‌ಶಾಪ್‌ಗಳಿದಾವೆ ಅಂತ ಹೇಳೋಕೆ ನಂಗೆ ಸಿಟ್ಟೇ ಬರತ್ತೆ, ಬ್ರೇಕ್ ಹೋಸ್ ಅಂದ್ರೆ ಜೀವದ ವಿಷ್ಯ. ಕಾಯಿಲ್ ಸ್ಪ್ರಿಂಗ್ ಗಾಡಿ ಆದ್ರೆ ಆಕ್ಸಲ್ ಪಕ್ಕಕ್ಕೆ ಜಾರದ ಹಾಗೆ ಚಾಸಿಗೆ ಹಿಡಿದಿರೋ ಪ್ಯಾನ್‌ಹಾರ್ಡ್ ರಾಡ್ ಆಕ್ಸಲನ್ನ ಒಂದು ಪಕ್ಕಕ್ಕೆ ಎಳೆಯತ್ತೆ. ಇದೆಲ್ಲದರ ಮೇಲೆ ಗಾಡಿಯ ಭಾರ ಎತ್ತರಕ್ಕೆ ಹೋಗತ್ತೆ, ಇಳಿಜಾರಲ್ಲಿ ಅಡ್ಡ ಹೋಗುವಾಗ ಮಗುಚೋ ಅಪಾಯ ಜಾಸ್ತಿ. ಹೊಸ ಬುಷ್ ಜೊತೆ 2 ಇಂಚು ಲಿಫ್ಟ್, ಒಳ್ಳೆ ಶಾಕು, ಬೇಕಾದಷ್ಟಾಯ್ತು. ಅದಕ್ಕಿಂತ ಮೇಲೆ ಹೋಗೋರು ಮಿಕ್ಕಿದ್ದೆಲ್ಲಾ ಬದಲಾಯಿಸೋ ತಾಳ್ಮೆ ಇಟ್ಕೊಂಡೇ ಹೋಗ್ಬೇಕು.

ಟೈರ್ ದೊಡ್ಡದು ಮಾಡೋದಕ್ಕೂ ಲೆಕ್ಕ ಇದೆ. 29 ಇಂಚಿನ ಟೈರ್ ತೆಗೆದು 33 ಹಾಕಿದ್ರೆ ಸುಮಾರು 14 ಪರ್ಸೆಂಟ್ ದೊಡ್ಡದಾಯ್ತು. ಡಿಫರೆನ್ಷಿಯಲ್ ರೇಶಿಯೋ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಅನ್ನೋದು) 4.10 ಇದ್ರೆ ಈಗ ಅದು 3.60 ಥರ ಕೆಲ್ಸ ಮಾಡತ್ತೆ. ಅಂದ್ರೆ ಲೋ ರೇಂಜಲ್ಲಿ ಕಲ್ಲಿನ ಮೇಲೆ ಇಂಚಿಂಚು ಹತ್ತೋ ಶಕ್ತಿನ ನೀವೇ ಕೈಯಾರೆ ಕಮ್ಮಿ ಮಾಡಿದ ಹಾಗಾಯ್ತು, ಹಳೇ ಇಂಜಿನ್ನಲ್ಲಿ ಬಿಟ್ಟುಕೊಡೋಕೆ ಶಕ್ತಿ ಎಲ್ಲಿದೆ ಹೇಳಿ. ಕ್ಲಚ್ ಸುಡತ್ತೆ, ಬ್ರೇಕ್ ಹಿಡಿಯೋದು ಕಮ್ಮಿ ಆಗತ್ತೆ, ಆಕ್ಸಲ್ ಶಾಫ್ಟ್ ಮೇಲೆ ಎಳೆತ ಜಾಸ್ತಿ, ಸ್ಪೀಡೋಮೀಟರ್ ಕಮ್ಮಿ ತೋರ್ಸತ್ತೆ. ಕ್ರೌನ್ ಪಿನಿಯನ್ ಬದಲಾಯಿಸೋ ಮನಸ್ಸಿಲ್ಲ ಅಂದ್ರೆ ಟೈರನ್ನ ಒಂದು ಸೈಜ್ ಮೇಲೆ ನಿಲ್ಲಿಸಿ, ಸಾಕು.

ಅದಕ್ಕಿಂತ ದೊಡ್ಡ ವಿದ್ಯೆ ಗಾಳಿ ಇಳಿಸೋದು. ರೋಡಲ್ಲಿ 30ರ ಆಸುಪಾಸು ಪಿಎಸ್‌ಐ ಇರೋ ಟೈರನ್ನ ಕಲ್ಲು ದಾರಿಲಿ 18-20ಕ್ಕೆ, ಮೆತ್ತನೆ ಮರಳಲ್ಲಿ 15ರ ಹತ್ರಕ್ಕೆ ಇಳಿಸಿ ನೋಡಿ, ಬೇರೆ ಗಾಡಿನೇ ಆಗ್ಬಿಡತ್ತೆ. ಗಾಳಿ ಇಳಿಸಿದ್ರೆ ಟೈರ್ ಅಗಲ ಆಗತ್ತೆ ಅಂತ ಜನ ಅನ್ಕೋತಾರೆ, ಜಾಸ್ತಿ ಬೆಳೆಯೋದು ಉದ್ದ, ಹಿಂದಕ್ಕೆ ಮುಂದಕ್ಕೆ ನೆಲ ಮುಟ್ಟೋ ಭಾಗ ಉದ್ದ ಆಗಿ ಹಿಡಿತ ಸಿಗತ್ತೆ, ಕಲ್ಲಿನ ಸುತ್ತ ರಬ್ಬರ್ ಬಗ್ಗಿ ಹಿಡ್ಕೊಳ್ಳತ್ತೆ. ವೇಗ ಕಮ್ಮಿ ಇರ್ಬೇಕು, ಗಟ್ಟಿ ತಿರುವು ಬೇಡ, ಇಲ್ಲಾಂದ್ರೆ ಟೈರ್ ರಿಮ್ಮಿಂದ ಕಳಚತ್ತೆ. ವಾಪಸ್ ತುಂಬೋಕೆ ಒಂದು ಒಳ್ಳೆ ಕಂಪ್ರೆಸರು ಮತ್ತೆ ನಂಬೋ ಹಾಗಿರೋ ಗೇಜು, ಲೈಟ್ ಬಾರ್ ದುಡ್ಡು ಇದಕ್ಕೆ ಹಾಕಿ.

ಲಾಕರ್ ಬೇಕಾ ಅಂತ ತುಂಬಾ ಜನ ಕೇಳ್ತಾರೆ. ಸಾಮಾನ್ಯ ಓಪನ್ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಒಂದೇ ಸಮ ಟಾರ್ಕ್ ಕೊಡತ್ತೆ, ಹಾಗಾಗಿ ಒಂದು ಚಕ್ರ ಗಾಳಿಲಿದ್ರೆ ಅದು ತಿರುಗೋಕೆ ಎಷ್ಟು ಚೂರು ಬೇಕೋ ಅಷ್ಟೇ ನೆಲದಲ್ಲಿರೋ ಚಕ್ರಕ್ಕೂ ಸಿಗೋದು, ಗಾಡಿ ನಿಂತಲ್ಲೇ ನಿಲ್ಲತ್ತೆ. ಲಾಕರ್ ಎರಡನ್ನೂ ಒಟ್ಟಿಗೆ ತಿರುಗಿಸತ್ತೆ, ಕಷ್ಟದ ಜಾಗದಲ್ಲಿ ಅದರಷ್ಟು ಕೆಲ್ಸಕ್ಕೆ ಬರೋದು ಇನ್ನೊಂದಿಲ್ಲ. ಒಂದೇ ಹಾಕ್ಸೋದಾದ್ರೆ ಹಿಂದಕ್ಕೆ ಹಾಕ್ಸಿ, ಯಾಕಂದ್ರೆ ಏರು ಹತ್ತುವಾಗ ಭಾರ ಹಿಂದಕ್ಕೆ ಬರತ್ತೆ, ಮುಂದಕ್ಕೆ ಹಾಕಿದ್ರೆ ಸ್ಟೀರಿಂಗ್ ಗಟ್ಟಿ ಆಗತ್ತೆ, ಚಕ್ರ ತಿರುಗ್ಸಿಕೊಂಡು ಆಕ್ಸಿಲರೇಟರ್ ಒತ್ತಿದ್ರೆ ಹಳೇ ಆಕ್ಸಲ್ ಜಾಯಿಂಟ್ ಮುರಿಯತ್ತೆ. ಹಾಂ, ಇನ್ನೊಂದು, ಪಾರ್ಟ್ ಟೈಮ್ ಫೋರ್ ವೀಲ್ ಗಾಡಿಲಿ ಮಧ್ಯ ಡಿಫರೆನ್ಷಿಯಲ್ ಇರಲ್ಲ, ಒಣ ಟಾರ್ ರೋಡಲ್ಲಿ ಫೋರ್ ವೀಲ್ ಹಾಕ್ಕೊಂಡು ಓಡಿಸ್ಬೇಡಿ, ತಿರುವಲ್ಲಿ ಒಳಗೆಲ್ಲಾ ಬಿಗಿದುಕೊಂಡು ಗೇರು ಶಾಫ್ಟು ಹಾಳಾಗತ್ತೆ.

ಇಂಜಿನ್ ಬದಲಾಯಿಸೋ ಆಸೆ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಹಳೇ ಡೀಸೆಲ್, ಮೆಕ್ಯಾನಿಕಲ್ ಪಂಪ್ ಇರೋದು, ನಿಧಾನ ಇರ್ಬೋದು ಆದ್ರೆ ಗಾಡಿ ಸಾಕಷ್ಟು ವಾಲಿದ್ರೂ ಓಡತ್ತೆ, ಕಾಡಲ್ಲಿ ಸ್ಪಾನರ್ ಹಿಡ್ಕೊಂಡೇ ರಿಪೇರಿ ಆಗತ್ತೆ. ಕಾರ್ಬ್ಯುರೇಟರ್ ಪೆಟ್ರೋಲ್ ಮಾತ್ರ ಕಡಿದಾದ ಏರಲ್ಲಿ ಫ್ಲೋಟ್ ವಾಲಿ ಕೆಮ್ಮತ್ತೆ, ಅಲ್ಲಿ ಬದಲಾವಣೆ ಯೋಚ್ನೆ ಮಾಡೋದ್ರಲ್ಲಿ ಅರ್ಥ ಇದೆ. ಇಲ್ಲಾಂದ್ರೆ ಆ ದುಡ್ಡಲ್ಲಿ ರೇಡಿಯೇಟರ್ ತೊಳೆಸಿ, ಹೋಸ್ ಎಲ್ಲಾ ಹೊಸದು ಹಾಕ್ಸಿ, ಯಾಕಂದ್ರೆ ಲೋ ರೇಂಜಲ್ಲಿ ಗಾಳಿ ಹೊಡೆಯದೇ ಇಂಜಿನ್ ಜೋರಾಗಿ ಓಡುವಾಗ ತಂಪಾಗಿಡೋದೇ ದೊಡ್ಡ ಕೆಲ್ಸ.

ವಿಂಚ್ ಹಾಕ್ಸೋರಿಗೆ, ಗಾಡಿಯ ಪೂರ್ತಿ ಲೋಡ್ ತೂಕದ ಒಂದೂವರೆ ಪಟ್ಟು ಎಳೆಯೋದು ತಗೊಳ್ಳಿ, ಮತ್ತೆ ಡಬ್ಬದ ಮೇಲೆ ಬರ್ದಿರೋ ಶಕ್ತಿ ಡ್ರಮ್ಮಲ್ಲಿ ಹಗ್ಗದ ಮೊದಲನೇ ಪದರ ಇದ್ದಾಗ ಮಾತ್ರ, ಡ್ರಮ್ ತುಂಬಿದಷ್ಟೂ ಎಳೆತ ಕಮ್ಮಿ ಅಂತ ನೆನಪಿಟ್ಕೊಳ್ಳಿ. ಎಳೆಯೋಕೆ ಹುಕ್ ಸಿಕ್ಕಿಸೋದು ಚಾಸಿಗೆ ಬೋಲ್ಟ್ ಆಗಿರೋ ರಿಕವರಿ ಪಾಯಿಂಟಿಗೆ, ಟ್ರೇಲರ್ ಎಳೆಯೋ ಟೋ ಬಾಲ್‌ಗೆ ಯಾವತ್ತೂ ಬೇಡ. ಆ ಗುಂಡು ಮುರಿದು ಹಾರಿ ಗಾಜು ಒಡ್ಕೊಂಡು ಬಂದು ಜನ ಸತ್ತಿದಾರೆ, ಇದು ಹೆದರ್ಸೋಕೆ ಹೇಳ್ತಿರೋದಲ್ಲ. ಹಗ್ಗ ಬಿಗಿಯಾದ್ಮೇಲೆ ಸುತ್ತ ಇರೋರೆಲ್ಲಾ ದೂರ, ವಿಡಿಯೋ ಮಾಡೋರೂ ದೂರ.

ಮನೆಗೆ ಬಂದ್ಮೇಲಿನ ಕೆಲ್ಸ ಯಾರಿಗೂ ಇಷ್ಟ ಇಲ್ಲ, ಆದ್ರೆ ಹಳೇ ಗಾಡಿ ಉಳಿಯೋದು ಅಲ್ಲೇ. ಚಾಸಿ ಒಳಗೆ ಪೈಪ್ ಬಿಟ್ಟು ಮಣ್ಣು ಹೋಗೋ ತನಕ ತೊಳೀರಿ. ನೀರು ದಾಟಿದ್ರೆ ಪ್ರೊಪೆಲ್ಲರ್ ಶಾಫ್ಟಿನ ಎಲ್ಲಾ ನಿಪ್ಪಲ್‌ಗೂ ಹಳೇ ಗ್ರೀಸ್ ಹೊರಗೆ ಬರೋ ತನಕ ಹೊಸ ಗ್ರೀಸ್ ಹೊಡೀರಿ. ಬ್ರೇಕ್ ಡ್ರಮ್ ಬಿಚ್ಚಿ ಒಳಗಿನ ಮಣ್ಣು ತೆಗೆದು ಶೂ ಅಡ್ಜಸ್ಟ್ ಮಾಡಿ. ಹೊಸ ಸ್ಪ್ರಿಂಗ್ ಹಾಕಿಸಿದ್ರೆ ಮೊದಲನೇ ಓಡಾಟ ಆದ್ಮೇಲೆ ಸ್ಪ್ರಿಂಗನ್ನ ಆಕ್ಸಲ್‌ಗೆ ಬಿಗಿದಿರೋ ಯು ಬೋಲ್ಟ್‌ಗಳನ್ನ ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿ ಮಾಡ್ಲೇಬೇಕು, ಅವು ಕೂತ್ಕೊಂಡ ಮೇಲೆ ಸಡಿಲ ಆಗ್ತವೆ, ಸಡಿಲ ಆದ್ರೆ ಸೆಂಟರ್ ಬೋಲ್ಟ್ ಕತ್ತರಿಸಿ ಆಕ್ಸಲ್ಲೇ ಜಾಗ ಬಿಟ್ಟು ಜಾರತ್ತೆ. ನಿಮ್ಮ ಗಾಡಿಲಿ ಇವತ್ತು ಆ ನಾಲ್ಕೂ ಕಡೆ ಯು ಬೋಲ್ಟ್ ಹೇಗಿದಾವೆ ಅಂತ ನೋಡಿ ಕಾಮೆಂಟಲ್ಲಿ ಬರೀರಿ, ಯಾವ ಗಾಡಿ, ಯಾವ ವರ್ಷದ್ದು ಅನ್ನೋದನ್ನೂ ಸೇರ್ಸಿ.