ಪೌತಿ ಖಾತೆಗೆ ಸಹಿ ಹಾಕುವ ಮೊದಲು

ಕೇಳುಗರಿಗೆ ನಮಸ್ಕಾರ.

ಗಂಡ ತೀರಿಕೊಂಡು ತಿಥಿ ಮುಗಿಯುವಷ್ಟರಲ್ಲಿ ಮನೆಯಲ್ಲಿ ಪೌತಿ ಖಾತೆಯ ಮಾತು ಏಳುತ್ತದೆ. ವಂಶವೃಕ್ಷ ಮಾಡಿಸಬೇಕು, ಪಹಣಿಯಲ್ಲಿ ಹೆಸರು ಬದಲಾಗಬೇಕು. ಇದೆಲ್ಲ ಆಗಬೇಕಾದ್ದೇ. ಆದರೆ ಆ ಕಾಗದಗಳ ನಡುವೆ ಹಕ್ಕು ಖುಲಾಸೆ ಪತ್ರವೂ ಒಂದು ಸೇರಿಕೊಂಡಿದ್ದರೆ? "ಅಮ್ಮಾ, ಇಲ್ಲೊಂದು ಸಹಿ ಹಾಕು, ನಿನಗೆ ಓಡಾಟ ತಪ್ಪುತ್ತೆ" ಎಂದು ಮಗ ಪ್ರೀತಿಯಿಂದಲೇ ಹೇಳಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದು ನೋಂದಣಿಯಾದರೆ ನಿಮ್ಮ ಪಾಲು ಕೈಬಿಟ್ಟಂತೆಯೇ. ಮೋಸದಿಂದ ಬರೆಸಿಕೊಂಡರು ಎಂದು ರುಜುವಾತು ಮಾಡಲು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾದೀತು.

ಪಾಲು ಎಷ್ಟು ಅಂತೀರಾ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಲೆಕ್ಕ ಸರಳ. ಗಂಡನ ಸ್ವಯಾರ್ಜಿತ ಆಸ್ತಿ, ಉಯಿಲು ಬರೆದಿಟ್ಟಿಲ್ಲ ಎನ್ನಿ. ಹೆಂಡತಿ, ತಾಯಿ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋದ ಮಗಳು: ಐದು ಜನ, ಐದು ಸಮಪಾಲು. ಹೌದು, ಅತ್ತೆಗೂ ಒಂದು ಪಾಲಿದೆ. ಇದಕ್ಕೆ ಮುಖ ಸಿಂಡರಿಸುವವರು ತಾವೂ ಗಂಡುಮಕ್ಕಳ ತಾಯಂದಿರು ಎಂಬುದನ್ನು ನೆನಪಿಟ್ಟರೆ ಸಾಕು. ಪಿತ್ರಾರ್ಜಿತವಾದರೆ ಮೊದಲು ಗಂಡನ ಭಾಗವನ್ನು ಬೇರೆ ಮಾಡಿ, ಆ ಭಾಗವನ್ನು ಹೀಗೆ ಹಂಚಬೇಕು. ಉಯಿಲು ಇದ್ದರೆ ಮಾತು ಬೇರೆ. ಸ್ವಯಾರ್ಜಿತವನ್ನು ಆತ ಯಾರಿಗೆ ಬೇಕಾದರೂ ಬರೆದಿರಬಹುದು.

ಮುಸ್ಲಿಂ ಕಾನೂನಿನಲ್ಲಿ ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು, ಇಲ್ಲದಿದ್ದರೆ ನಾಲ್ಕನೇ ಒಂದು ಪಾಲು. ಕ್ರೈಸ್ತರಲ್ಲಿ ಮಕ್ಕಳಿದ್ದರೆ ಮೂರನೇ ಒಂದು.

1937ರ ಕಾಯ್ದೆಯಲ್ಲಿ ಹಿಂದೂ ವಿಧವೆಗೆ ಬದುಕಿರುವಷ್ಟು ದಿನ ಅನುಭವಿಸುವ ಹಕ್ಕು ಮಾತ್ರ ಸಿಕ್ಕಿತ್ತು. ಈಗ ಹಾಗಿಲ್ಲ. ನಿಮ್ಮ ಪಾಲನ್ನು ಮಾರಬಹುದು, ಅಡವಿಡಬಹುದು, ಇಷ್ಟಬಂದವರಿಗೆ ಉಯಿಲು ಬರೆಯಬಹುದು. ಮುಂದೆ ಮರುಮದುವೆಯಾದರೂ ಅದು ಕೈಬಿಡುವುದಿಲ್ಲ. ಊರಿನ ಪಂಚಾಯಿತಿಕಟ್ಟೆಯ ಹಿರಿಯರು ಇನ್ನೂ ಬೇರೆ ಹೇಳುತ್ತಾರೆ, ಹೇಳಲಿ.

ಬ್ಯಾಂಕ್ ಠೇವಣಿಗೆ ಮೈದುನ ನಾಮಿನಿ ಆಗಿದ್ದರೆ ಹೆದರಬೇಡಿ. ಬ್ಯಾಂಕಿನಿಂದ ಹಣ ಪಡೆದುಕೊಳ್ಳುವುದು ಆತ, ಹಣ ಸೇರಬೇಕಾದ್ದು ವಾರಸುದಾರರಿಗೆ. ಜಮೀನಿನ ಖಾತೆ ಬರೀ ಮಕ್ಕಳ ಹೆಸರಿಗೆ ಆಗಿಹೋಗಿದ್ದರೂ ಅಷ್ಟರಿಂದಲೇ ನಿಮ್ಮ ಒಡೆತನ ಅಳಿಯುವುದಿಲ್ಲ.

ಕಾಗದ ಓದಿ ಹೇಳುವವರಿಲ್ಲವೇ? ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿಯಿಲ್ಲ, ವಕೀಲರಿಗೆ ಫೀಸು ಕೊಡಬೇಕಿಲ್ಲ. ಮಗನೇ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದರೂ, ಒಳಗೆ ಮಾತ್ರ ನೀವೊಬ್ಬರೇ ಹೋಗಿ ಕೇಳಿ.