ಬಲಗಡೆ ಸ್ಟೀರಿಂಗ್‌ನವರ ಸರದಿ

ಕೇಳುಗರಿಗೆಲ್ಲ ನಮಸ್ಕಾರ.

2016ರ ಮಾರ್ಚ್ 31ರ ಬೆಳಿಗ್ಗೆ ಆಸ್ಟ್ರೇಲಿಯಾದ ಸಿಡ್ನಿ ಮತ್ತು ಮೆಲ್ಬರ್ನ್‌ನಲ್ಲಿ ಟೆಸ್ಲಾ ಅಂಗಡಿಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಮಾಡೆಲ್ 3 ಎಂಬ ಹೊಸ ಎಲೆಕ್ಟ್ರಿಕ್ ಕಾರಿಗೆ ಮುಂಗಡ ಕಟ್ಟಬೇಕಿತ್ತು, ತಲಾ 1,500 ಆಸ್ಟ್ರೇಲಿಯನ್ ಡಾಲರ್. ಆ ಕಾರು ಹೇಗಿದೆ ಅಂತ ಸಾಲಿನಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ಕಾರನ್ನು ತೋರಿಸುವ ಸಮಾರಂಭ ಇದ್ದಿದ್ದು ಕ್ಯಾಲಿಫೋರ್ನಿಯಾದಲ್ಲಿ, ಅಲ್ಲಿಯ 31ರ ರಾತ್ರಿ. ಸಿಡ್ನಿಯ ಲೆಕ್ಕದಲ್ಲಿ ಅದು ಮಾರನೇ ದಿನ ಮಧ್ಯಾಹ್ನ. ಆಸ್ಟ್ರೇಲಿಯಾದಲ್ಲಿ ಬೆಳಗಾಗುವುದು ಬೇಗ, ಹಾಗಾಗಿ ದುಡ್ಡು ಕಟ್ಟಿದ ಮೊದಲಿಗರಲ್ಲಿ ಅವರೂ ಸೇರಿದರು. ಕಾರು ಅವರ ಕೈಗೆ ಬರುವ ಹೊತ್ತಿಗೆ 2019ರ ಆಗಸ್ಟ್ ಮುಗಿಯುತ್ತಾ ಬಂದಿತ್ತು. ಅಮೆರಿಕದಲ್ಲಿ ಮೊದಲ 30 ಕಾರುಗಳ ಕೀಲಿ ಕೊಟ್ಟಿದ್ದು 2017ರ ಜುಲೈನಲ್ಲೇ.

ಇವತ್ತಿನ ಮಾತು ಈ ಕಾಯುವಿಕೆಯ ಬಗ್ಗೆ. ಇದು ನಮಗೂ ಸಂಬಂಧಿಸಿದ್ದು. ನಾವೂ ಬಲಗಡೆ ಸ್ಟೀರಿಂಗ್ ಹಿಡಿದು ರಸ್ತೆಯ ಎಡಗಡೆ ಓಡಿಸುವವರು. ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ, ಪಕ್ಕದ ಶ್ರೀಲಂಕಾ, ಬಾಂಗ್ಲಾ, ಪಾಕಿಸ್ತಾನ, ನೇಪಾಳ, ಎಲ್ಲ ಕಡೆಯೂ ಹೀಗೇ. ಜಗತ್ತಿನ ಜನಸಂಖ್ಯೆಯಲ್ಲಿ ಸುಮಾರು ಮೂರನೇ ಒಂದು ಭಾಗ. ಆದರೆ ಕಾರು ಕಂಪನಿಗಳು ಎಣಿಸುವುದು ತಲೆಗಳನ್ನಲ್ಲ, ಮಾರಾಟವಾಗುವ ಕಾರುಗಳನ್ನು. ಆ ಲೆಕ್ಕದಲ್ಲಿ ಅಮೆರಿಕ, ಚೀನಾ, ಯೂರೋಪಿನ ದೊಡ್ಡ ದೇಶಗಳು ಮೊದಲ ಪಂಕ್ತಿಯಲ್ಲಿ ಕೂತಿರುತ್ತವೆ. ನಮ್ಮಂಥವರು ಚಪ್ಪರದ ಬಾಗಿಲಲ್ಲಿ ನಿಂತು, ಹೋಳಿಗೆ ಮುಗಿಯದಿದ್ದರೆ ಸಾಕಪ್ಪ ಅಂತ ಇಣುಕಿ ನೋಡಬೇಕು.

ಕಂಪನಿಯವರನ್ನು ಕೇಳಿದರೆ ಸಿಗುವ ಉತ್ತರ ತಾಂತ್ರಿಕ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಸ್ಟೀರಿಂಗನ್ನು ಸುಮ್ನೆ ಕಿತ್ತು ಆ ಕಡೆ ಕೂರಿಸಿದರೆ ಆಗುವುದಿಲ್ಲ. ಡ್ಯಾಶ್‌ಬೋರ್ಡಿಗೆ ಬೇರೆ ಅಚ್ಚು ಬೇಕು. ಬ್ರೇಕ್ ಪೆಡಲ್ ಮತ್ತು ಅದನ್ನು ಒತ್ತುವ ಬಲ ಹೆಚ್ಚಿಸುವ ಬೂಸ್ಟರ್ ಜಾಗ ಬದಲಾಗಬೇಕು. ಮಳೆಯಲ್ಲಿ ಡ್ರೈವರ್ ಮುಂದಿನ ಗಾಜು ಪೂರ್ತಿ ಒರೆಸಿಕೊಳ್ಳಬೇಕಲ್ಲ, ಹಾಗಾಗಿ ವೈಪರ್ ಬೀಸುವ ದಿಕ್ಕೂ ಬೇರೆಯಾಗಬೇಕು. ಹೆಡ್‌ಲೈಟನ್ನು ಡಿಮ್ ಮಾಡಿದಾಗ ಬೆಳಕು ರಸ್ತೆಯ ಅಂಚಿನ ಕಡೆ ಸ್ವಲ್ಪ ಜಾಸ್ತಿ ಬೀಳುವ ಹಾಗೆ ಕೂರಿಸಿರುತ್ತಾರೆ. ನಮ್ಮ ಅಂಚು ಎಡಗಡೆ, ಅವರದು ಬಲಗಡೆ. ಅವರ ಲೈಟನ್ನು ಹಾಗೇ ತಂದು ಇಲ್ಲಿ ಹಾಕಿದರೆ ಎದುರಿನಿಂದ ಬರುವವನ ಕಣ್ಣು ಕುಕ್ಕುತ್ತದೆ. ಇಷ್ಟೆಲ್ಲ ಬದಲಿಸಿದ ಮೇಲೆ ಸುರಕ್ಷತೆಯ ಪರೀಕ್ಷೆಗಳು ಬೇರೆ.

ಸರಿ, ಕೆಲಸ ಇದೆ. ಆದರೆ ಪೆಟ್ರೋಲ್ ಕಾರಿಗೆ ಹೋಲಿಸಿದರೆ ಎಲೆಕ್ಟ್ರಿಕ್ ಕಾರಿನಲ್ಲಿ ಇದು ಸುಲಭ. ಸ್ಟೀರಿಂಗ್ ಕಂಬಕ್ಕೆ ಅಡ್ಡ ಬರುವ ದೊಡ್ಡ ಎಂಜಿನ್ ಇಲ್ಲ, ಕಾದ ಹೊಗೆ ಕೊಳವೆ ಇಲ್ಲ. ಮೋಟಾರು ಚಿಕ್ಕದು, ಬ್ಯಾಟರಿ ನೆಲದಡಿ ಮಲಗಿರುತ್ತದೆ. ಮಾಡೆಲ್ 3ರಲ್ಲಂತೂ ಡ್ರೈವರ್ ಮುಂದೆ ಮೀಟರ್ ಕೂಡ ಇಲ್ಲ. ನಡುವೆ ಒಂದು ಪರದೆ, ಅಷ್ಟೇ. ಎರಡೂ ಕಡೆಗೆ ಹೊಂದುವ ಹಾಗೆಯೇ ಅದರ ಮುಂಭಾಗ ಇತ್ತು. ಆದರೂ ಮೂರು ವರ್ಷಕ್ಕಿಂತ ಜಾಸ್ತಿ ಕಾಯಬೇಕಾಯಿತು.

ಕಾರಣ ಕಾರ್ಖಾನೆಯ ಒಳಗಿತ್ತು, ಜೊತೆಗೆ ಅಮೆರಿಕದ ತೆರಿಗೆ ಕಾನೂನಿನಲ್ಲಿತ್ತು. 2017 ಮತ್ತು 18ರಲ್ಲಿ ಟೆಸ್ಲಾ ಕಾರ್ಖಾನೆ ಹೇಳಿದಷ್ಟು ಕಾರು ಹೊರಗೆ ಕಳಿಸಲಾಗದೆ ಒದ್ದಾಡುತ್ತಿತ್ತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಎಲೆಕ್ಟ್ರಿಕ್ ಕಾರು ಕೊಂಡವರಿಗೆ 7,500 ಡಾಲರ್ ತನಕ ತೆರಿಗೆ ಉಳಿತಾಯವಿತ್ತು. ಒಂದು ಕಂಪನಿ ಆ ದೇಶದಲ್ಲಿ ಎರಡು ಲಕ್ಷ ಕಾರು ಮಾರಿದ ಮೇಲೆ ಆ ಸವಲತ್ತು ಹಂತ ಹಂತವಾಗಿ ಇಳಿಯಬೇಕಿತ್ತು. ಟೆಸ್ಲಾ ಆ ಗೆರೆ ದಾಟಿದ್ದು 2018ರ ಜುಲೈನಲ್ಲಿ. ಪೂರ್ತಿ ಸವಲತ್ತು ಆ ವರ್ಷದ ಡಿಸೆಂಬರ್ ತನಕ ಉಳಿಯಿತು. ಅಲ್ಲಿಯವರೆಗೆ ತಯಾರಾದ ಮಾಡೆಲ್ 3 ಕಾರುಗಳು ಹೋಗಿದ್ದೆಲ್ಲ ಉತ್ತರ ಅಮೆರಿಕಕ್ಕೆ. 2019ರ ಆರಂಭದಲ್ಲಿ ಎಡಗಡೆ ಸ್ಟೀರಿಂಗ್‌ನ ಯೂರೋಪಿಗೆ. ಜೂನ್‌ನಲ್ಲಿ ಬ್ರಿಟನ್‌ಗೆ, ಆಮೇಲೆ ಆಸ್ಟ್ರೇಲಿಯಾ, ಜಪಾನ್‌ಗೆ. ತಾರೀಕುಗಳನ್ನು ಹೀಗೆ ಸಾಲಾಗಿ ಇಟ್ಟರೆ ಸ್ಟೀರಿಂಗ್ ಬರೀ ನೆಪ ಅಂತ ಅನ್ನಿಸುವುದಿಲ್ವಾ? ನನಗಂತೂ ಹಾಗೇ ಅನ್ನಿಸುತ್ತದೆ.

ಕಾದವರಿಗೆ ಕಾರು ಬೇಡವಾಗಿತ್ತಾ? ಅದೂ ಅಲ್ಲ. 2019ರ ಆಗಸ್ಟ್‌ನಲ್ಲಿ ಬ್ರಿಟನ್‌ನಲ್ಲಿ ಅತಿ ಹೆಚ್ಚು ಮಾರಾಟವಾದ ಕಾರುಗಳ ಪಟ್ಟಿಯಲ್ಲಿ ಮಾಡೆಲ್ 3 ಮೂರನೇ ಸ್ಥಾನದಲ್ಲಿತ್ತು.

ಕೊನೆಗೂ ಕಾರು ಸಿಕ್ಕವರದು ಒಂದು ಪಾಡು. ಕಾದು ಕಾದು ಬರಿಗೈಲಿ ಉಳಿದವರೂ ಇದ್ದಾರೆ. 2021ರಲ್ಲಿ ಟೆಸ್ಲಾ ತನ್ನ ದೊಡ್ಡ ಕಾರುಗಳಾದ ಮಾಡೆಲ್ ಎಸ್ ಮತ್ತು ಎಕ್ಸ್‌ಗೆ ಹೊಸ ರೂಪ ಕೊಟ್ಟಿತು. ಬ್ರಿಟನ್, ಆಸ್ಟ್ರೇಲಿಯಾದ ಜನ ಬುಕ್ ಮಾಡಿ ಎರಡು ವರ್ಷಕ್ಕೂ ಜಾಸ್ತಿ ಕಾದರು. 2023ರ ಮೇ ತಿಂಗಳಲ್ಲಿ ಕಂಪನಿ ಹೇಳಿತು: ಇವನ್ನು ಬಲಗಡೆ ಸ್ಟೀರಿಂಗ್‌ನಲ್ಲಿ ಮಾಡುವುದೇ ಇಲ್ಲ. ಬ್ರಿಟನ್‌ನವರು ಬೇಕಿದ್ದರೆ ಎಡಗಡೆ ಸ್ಟೀರಿಂಗ್‌ನದ್ದನ್ನೇ ಕೊಳ್ಳಬಹುದಿತ್ತು. ಎಡಗಡೆ ಕೂತವನು ಟೋಲ್ ಕಟ್ಟೆಯಲ್ಲಿ, ಪಾರ್ಕಿಂಗ್ ಗೇಟಿನಲ್ಲಿ ಬಲಗಡೆ ಇರುವ ಯಂತ್ರದಿಂದ ಚೀಟಿ ತೆಗೆದುಕೊಳ್ಳುವುದು ಹೇಗೆ? ಅದಕ್ಕೂ ಕಂಪನಿಯ ಹತ್ತಿರ ಉಪಾಯವಿತ್ತು. ಕಸ ಎತ್ತಲು ಬಳಸುತ್ತಾರಲ್ಲ, ತುದಿಯಲ್ಲಿ ಚಿಮ್ಮಟ ಇರುವ ಉದ್ದ ಕೋಲು, ಅಂಥದ್ದೊಂದನ್ನು ಕಾರಿನ ಜೊತೆ ಕೊಟ್ಟರು. ತಮಾಷೆಗೆ ಹೇಳುತ್ತಿಲ್ಲ. ಕೋಲಿನಿಂದ ಟೋಲ್ ಕಟ್ಟಬಹುದು, ಸರಿ. ಒಂಟಿ ರಸ್ತೆಯಲ್ಲಿ ಮುಂದೆ ಲಾರಿ ಇದ್ದಾಗ ಎಡಗಡೆ ಕೂತು ಓವರ್‌ಟೇಕ್ ಮಾಡುವುದು ಹೇಗೆ? ಅದಕ್ಕೆ ಕೋಲು ಉಪಯೋಗಕ್ಕೆ ಬರುವುದಿಲ್ಲ.

ಜನರಲ್ ಮೋಟಾರ್ಸ್ ಇನ್ನೂ ನೇರ. ಅವರ ಬೋಲ್ಟ್ ಎಂಬ ಎಲೆಕ್ಟ್ರಿಕ್ ಕಾರು 2016ರ ಕೊನೆಯಲ್ಲಿ ಅಮೆರಿಕದ ರಸ್ತೆಗೆ ಬಂತು. ಅದೇ ಕಾರು ಆಂಪೆರಾ-ಇ ಎಂಬ ಹೆಸರಲ್ಲಿ ಯೂರೋಪಿಗೂ ಹೋಯಿತು, ಆದರೆ ಬ್ರಿಟನ್‌ಗೆ ಬರಲಿಲ್ಲ. ಬಲಗಡೆ ಸ್ಟೀರಿಂಗ್‌ನ ಬೋಲ್ಟ್ ಮಾಡಲೇ ಇಲ್ಲ. 2020ರ ಫೆಬ್ರವರಿಯಲ್ಲಿ ಅವರು ಆಸ್ಟ್ರೇಲಿಯಾದ ತಮ್ಮದೇ ಹಳೆಯ ಕಾರು ಬ್ರ್ಯಾಂಡ್ ಹೋಲ್ಡನ್ ಅನ್ನೇ ಮುಚ್ಚುವುದಾಗಿ ಹೇಳಿಬಿಟ್ಟರು. ಬಲಗಡೆ ಸ್ಟೀರಿಂಗ್ ಕಾರಿಗೆ ಹಣ ಹಾಕಿದರೆ ಗಿಟ್ಟುವುದಿಲ್ಲ ಎಂಬುದು ಅವರ ಲೆಕ್ಕ. ಅದೇ ಕಂಪನಿ ಪುಣೆ ಹತ್ತಿರದ ತಳೇಗಾಂವ್ ಕಾರ್ಖಾನೆಯಲ್ಲಿ ಎಡಗಡೆ ಸ್ಟೀರಿಂಗ್‌ನ ಬೀಟ್ ಕಾರು ಮಾಡಿ ಮೆಕ್ಸಿಕೋಗೆ ಕಳಿಸುತ್ತಿತ್ತು. ಚೆನ್ನೈ ಹತ್ತಿರ ಶ್ರೀಪೆರಂಬುದೂರಿನ ಹ್ಯುಂಡೈ ಕಾರ್ಖಾನೆಯಿಂದ ವರ್ಷಗಟ್ಟಲೆ ಎರಡೂ ಬಗೆಯ ಕಾರು ಹೊರಗೆ ಬಂದಿವೆ. ಮಾರುಕಟ್ಟೆ ಬೇಕು ಅಂತಿದ್ದರೆ ಸ್ಟೀರಿಂಗ್ ಯಾವ ಕಡೆಗೂ ಹೋಗುತ್ತದೆ.

ಕಾರಿಗಾಗಿ ರಸ್ತೆಯನ್ನೇ ತಿರುಗಿಸಿದ ದೇಶವೂ ಒಂದಿದೆ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ಸಮೋವಾ. ಅಲ್ಲಿ ರಸ್ತೆಯ ಬಲಗಡೆ ಓಡಿಸುತ್ತಿದ್ದರು. ಹತ್ತಿರದ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ಕಡಿಮೆ ಬೆಲೆಯ ಕಾರುಗಳು ಬರಲಿ ಅಂತ 2009ರ ಸೆಪ್ಟೆಂಬರ್ 7ರಂದು ಇಡೀ ದೇಶ ಎಡಕ್ಕೆ ಹೊರಳಿತು. ಸಣ್ಣ ದೇಶ, ಮಾಡಿತು. ನೂರು ಕೋಟಿ ದಾಟಿದ ನಾವು ಬಲಕ್ಕೆ ಹೊರಳುವುದನ್ನು ಊಹಿಸಿ ನೋಡಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಆ ದಿನ ಬೆಳಿಗ್ಗೆ ನಿಲ್ಲುವ ಟ್ರಾಫಿಕ್ ಪೊಲೀಸರನ್ನು ನೆನೆದರೇ ಅಯ್ಯೋ ಅನ್ನಿಸುತ್ತದೆ.

ನ್ಯೂಜಿಲೆಂಡ್‌ನವರು ಇನ್ನೊಂದು ದಾರಿ ಹಿಡಿದರು. ಸರದಿಯಲ್ಲಿ ನಿಲ್ಲುವುದನ್ನೇ ಬಿಟ್ಟರು. ಜಪಾನ್‌ನಲ್ಲೂ ಬಲಗಡೆ ಸ್ಟೀರಿಂಗ್ ತಾನೇ? ನಿಸ್ಸಾನ್ ಕಂಪನಿಯ ಲೀಫ್ ಕಾರು 2010ರ ಡಿಸೆಂಬರ್‌ನಲ್ಲಿ ಜಪಾನ್‌ನಲ್ಲಿ ಬಂದಾಗಲೇ ಬಲಗಡೆ ಸ್ಟೀರಿಂಗ್‌ನಲ್ಲಿ ಬಂತು. ಅಲ್ಲಿ ಓಡಿಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಲೀಫ್‌ಗಳು ಹಡಗಿನಲ್ಲಿ ನ್ಯೂಜಿಲೆಂಡ್‌ಗೆ ಇಳಿದವು. ಪರದೆಯ ಮೇಲೆ ಬರುವುದೆಲ್ಲ ಜಪಾನಿ ಅಕ್ಷರ. ಬ್ಯಾಟರಿ ಸ್ವಲ್ಪ ಸವೆದಿರುತ್ತದೆ. ಆದರೂ ಮಕ್ಕಳನ್ನು ಶಾಲೆಗೆ ಬಿಟ್ಟು ಬರಲು, ಆಫೀಸಿಗೆ ಹೋಗಲು ಏನು ತೊಂದರೆ? ಶ್ರೀಲಂಕಾದಲ್ಲೂ ತೆರಿಗೆ ಕಡಿಮೆಯಿದ್ದ ಕೆಲವು ಕಾಲ ಹೀಗೇ ಲೀಫ್‌ಗಳು ಬಂದವು. ನನಗೆ ಈ ಜನರ ಬುದ್ಧಿ ಇಷ್ಟ. ಹೊಸ ಕಾರಿನ ಫೋಟೋ ನೋಡುತ್ತಾ ಕೂರುವುದಕ್ಕಿಂತ ಸಿಕ್ಕಿದ್ದನ್ನು ಹತ್ತಿ ಹೊರಟರು.

ಇಲ್ಲಿ ಬೆಂಗಳೂರಿನ ಮಾತು ಬರಲೇಬೇಕು. ಟೆಸ್ಲಾ ಬ್ರಿಟನ್‌ನಲ್ಲಿ ಮಾಡೆಲ್ ಎಸ್ ಕೊಡಲು ಶುರು ಮಾಡಿದ್ದು 2014ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ ಲಂಡನ್ ಬೀದಿಗಳಲ್ಲಿ ಬೆಂಗಳೂರಿನ ಎಲೆಕ್ಟ್ರಿಕ್ ಗಾಡಿ ಓಡುತ್ತಿತ್ತು. ಚೇತನ್ ಮೈನಿ ಅವರ ರೇವಾ, 2001ರಲ್ಲಿ ಇಲ್ಲಿ ಮಾರಾಟಕ್ಕೆ ಬಂದಿದ್ದು. ಲಂಡನ್‌ನಲ್ಲಿ ಅದರ ಹೆಸರು ಜಿ-ವಿಜ್. ನಗರದ ನಡುಭಾಗಕ್ಕೆ ಕಾರು ತಂದರೆ ಶುಲ್ಕ ಕಟ್ಟಬೇಕೆಂಬ ನಿಯಮ ಅಲ್ಲಿ 2003ರಲ್ಲಿ ಬಂದಿತ್ತು, ಎಲೆಕ್ಟ್ರಿಕ್ ಗಾಡಿಗೆ ಆಗ ಅದರಿಂದ ವಿನಾಯಿತಿ ಇತ್ತು. ಜಿ-ವಿಜ್ ಮಾರಾಟವಾಗಲು ಅದೂ ಒಂದು ಕಾರಣ. ಬ್ರಿಟನ್‌ನ ಕಾನೂನಿನಲ್ಲಿ ಅದು ಕಾರೇ ಅಲ್ಲ, ಕ್ವಾಡ್ರಿಸೈಕಲ್ ಎಂಬ ಹಗುರ ನಾಲ್ಕು ಚಕ್ರದ ಗಾಡಿಗಳ ಬೇರೆ ವರ್ಗ. ಸುರಕ್ಷತೆಯ ವಿಷಯದಲ್ಲಿ ಸಾಕಷ್ಟು ಬೈಸಿಕೊಂಡಿತು, ನೋಡಲು ಚೆಂದವೂ ಇರಲಿಲ್ಲ. ಆದರೆ ಬಲಗಡೆ ಸ್ಟೀರಿಂಗ್‌ಗೆ ಅಲ್ಲಿ ಯಾರೂ ಕಾಯಬೇಕಾಗಲಿಲ್ಲ. ಅದು ಹುಟ್ಟಿದ್ದೇ ಹಾಗೆ.

ಇನ್ನು ನಮ್ಮ ದೇಶದ ಕಾಯುವಿಕೆ. 2016ರಲ್ಲಿ ಮಾಡೆಲ್ 3ಕ್ಕೆ ಭಾರತದಿಂದಲೂ ಜನ ಸಾವಿರ ಡಾಲರ್ ಕಟ್ಟಿದರು. ಪೇಟಿಎಂನ ವಿಜಯ್ ಶೇಖರ್ ಶರ್ಮಾ ತಾವು ಬುಕ್ ಮಾಡಿದ್ದನ್ನು ಆಗ ಎಲ್ಲರಿಗೂ ಹೇಳಿಕೊಂಡಿದ್ದರು. ಇಂದು ಬರುತ್ತದೆ, ನಾಳೆ ಬರುತ್ತದೆ ಅಂತ ವರ್ಷಗಳು ಹೋದವು. 2021ರ ಜನವರಿಯಲ್ಲಿ ಟೆಸ್ಲಾದ ಭಾರತೀಯ ಕಂಪನಿ ಬೆಂಗಳೂರಿನಲ್ಲೇ ನೋಂದಣಿಯಾಯಿತು. ಇಲ್ಲಿಯವರಿಗೆ ಆಸೆ ಚಿಗುರಿತು. ಮೊದಲ ಶೋರೂಮ್ ತೆರೆದಿದ್ದು ಮಾತ್ರ ಮುಂಬೈಯಲ್ಲಿ, 2025ರ ಜುಲೈ 15ರಂದು. ಬಂದ ಕಾರೂ ಮಾಡೆಲ್ 3 ಅಲ್ಲ, ಮಾಡೆಲ್ ವೈ. ಆಗ ಬೆಲೆ ಸುಮಾರು 60 ಲಕ್ಷದಿಂದ ಶುರುವಾಗುತ್ತಿತ್ತು. ಹಳೆಯ ಬುಕಿಂಗ್‌ನವರಿಗೆ ಕಂಪನಿ ಮುಂಗಡ ವಾಪಸ್ ಕೊಡಲು ಹೊರಟಿತು.

ಇಲ್ಲಿ ಸ್ಟೀರಿಂಗ್‌ನ ನೆಪ ನಡೆಯುವುದಿಲ್ಲ. ಬಲಗಡೆ ಸ್ಟೀರಿಂಗ್‌ನ ಮಾಡೆಲ್ 3 ಬ್ರಿಟನ್‌ನಲ್ಲಿ 2019ರಿಂದ ಓಡುತ್ತಿದೆ. ನಮ್ಮಲ್ಲಿ ಅಡ್ಡ ನಿಂತಿದ್ದು ಆಮದು ಸುಂಕ. ದುಬಾರಿ ಕಾರಿನ ಮೇಲೆ ಕಾರಿನ ಬೆಲೆಯಷ್ಟೇ ಸುಂಕ ಇತ್ತು. ಇಲ್ಲೇ ಕಾರ್ಖಾನೆ ಹಾಕಿ ಎಂದಿತು ಸರ್ಕಾರ. ಮೊದಲು ಸುಂಕ ಇಳಿಸಿ, ಮಾರಿ ನೋಡುತ್ತೇವೆ ಎಂದರು ಇಲಾನ್ ಮಸ್ಕ್. ಸರ್ಕಾರದ ಹಟ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಆ ಗ್ಯಾಪಿನಲ್ಲೇ ಟಾಟಾ ನೆಕ್ಸಾನ್‌ನ ಎಲೆಕ್ಟ್ರಿಕ್ ಕಾರು 2020ರ ಜನವರಿಯಲ್ಲಿ ಬಂತು, ಮಧ್ಯಮ ವರ್ಗದವರ ಮನೆ ಮುಂದೆಯೂ ನಿಂತಿತು. ಮುಂಗಡ ಕಟ್ಟಿ ಕಾದವರಿಗೆ ಮಾತ್ರ ನಷ್ಟ, ಒಂಬತ್ತು ವರ್ಷ ದುಡ್ಡು ಅಲ್ಲೇ ಕೂತಿತ್ತು.

ಆಸ್ಟ್ರೇಲಿಯಾದಲ್ಲಿ ತೊಂದರೆ ಇದಕ್ಕೆ ಉಲ್ಟಾ. ಅಲ್ಲಿ ಅಡ್ಡಿ ಇದ್ದಿದ್ದರಿಂದಲ್ಲ, ನಿಯಮ ಇಲ್ಲದಿದ್ದರಿಂದ ಕಾರು ಬರಲಿಲ್ಲ. ಯೂರೋಪಿನಲ್ಲಿ ಕಂಪನಿಯ ಕಾರುಗಳ ಸರಾಸರಿ ಇಂಗಾಲದ ಹೊಗೆ ಮಿತಿ ದಾಟಿದರೆ, ಕಿಲೋಮೀಟರಿಗೆ ಜಾಸ್ತಿಯಾದ ಒಂದೊಂದು ಗ್ರಾಂಗೆ ಒಂದೊಂದು ಕಾರಿನ ಮೇಲೆ 95 ಯೂರೋ ದಂಡ. ಹಾಗಾಗಿ ಎಲೆಕ್ಟ್ರಿಕ್ ಕಾರುಗಳನ್ನು ಕಂಪನಿಗಳು ಅಲ್ಲಿಗೇ ಕಳಿಸುತ್ತವೆ. ಆಸ್ಟ್ರೇಲಿಯಾದಲ್ಲಿ ಅಂಥ ನಿಯಮ ಜಾರಿಗೆ ಬಂದಿದ್ದು 2025ರ ಜನವರಿ 1ರಂದು. ಫೋಕ್ಸ್‌ವ್ಯಾಗನ್‌ನ ಐಡಿ.4 ಕಾರು ಬಲಗಡೆ ಸ್ಟೀರಿಂಗ್‌ನಲ್ಲೇ ಬ್ರಿಟನ್‌ಗೆ 2021ರಲ್ಲಿ ಬಂದಿತ್ತು. ಆಸ್ಟ್ರೇಲಿಯಾದವರಿಗೆ ಅದು ಸಿಗಲು ಈ ನಿಯಮದ ಹೊತ್ತೇ ಬರಬೇಕಾಯಿತು.

ಈಗ ಸರದಿ ಬೇರೆ ಥರ ಆಗುತ್ತಿದೆ, ಅದಕ್ಕೆ ಕಾರಣ ಚೀನಾ. ಚೀನಾದಲ್ಲಿ ಸ್ಟೀರಿಂಗ್ ಎಡಗಡೆ. ಆದರೂ ಬಿವೈಡಿ ಕಂಪನಿ 2022ರಿಂದಲೇ ಆಸ್ಟ್ರೇಲಿಯಾದಲ್ಲಿ ಅಟ್ಟೋ 3 ಮಾರಿತು, 2024ರ ಜುಲೈನಲ್ಲಿ ಥಾಯ್ಲೆಂಡ್‌ನ ರಯೋಂಗ್‌ನಲ್ಲಿ ಕಾರ್ಖಾನೆ ತೆರೆಯಿತು. ಅದೇ ವರ್ಷ ಅಮೆರಿಕ ಚೀನಾದ ಎಲೆಕ್ಟ್ರಿಕ್ ಕಾರುಗಳ ಮೇಲೆ ನೂರಕ್ಕೆ ನೂರು ಸುಂಕ ಹೇರಿತು. ಆ ಬಾಗಿಲು ಮುಚ್ಚಿದ ಕಂಪನಿಗೆ ಬ್ಯಾಂಕಾಕ್, ಸಿಡ್ನಿ, ಲಂಡನ್‌ನ ಗಿರಾಕಿಯೇ ದೊಡ್ಡವನು. ಸ್ಟೀರಿಂಗ್ ಬಲಕ್ಕೆ ಬರಲು ತಡವೇ ಆಗಲಿಲ್ಲ.

ಕೊನೆಗೆ ನಮ್ಮ ಮನೆಯದೇ ಒಂದು ಸುದ್ದಿ. ಮಾರುತಿ ಸುಜುಕಿಯ ಮೊದಲ ಎಲೆಕ್ಟ್ರಿಕ್ ಕಾರು ಇ-ವಿಟಾರಾ ತಯಾರಾಗುವುದು ಗುಜರಾತಿನ ಹಂಸಲ್‌ಪುರದಲ್ಲಿ. 2025ರ ಜನವರಿಯಲ್ಲಿ ದೆಹಲಿಯ ವಾಹನ ಮೇಳದಲ್ಲಿ ಅದನ್ನು ನಮಗೆ ತೋರಿಸಿದರು. ಆಗಸ್ಟ್‌ನಲ್ಲಿ ಅದು ಹಡಗು ಹತ್ತಿತು, ಬ್ರಿಟನ್ ಸೇರಿ ಯೂರೋಪಿನ ದೇಶಗಳಿಗೆ. ಇಲ್ಲಿಯ ಶೋರೂಮಿನಲ್ಲಿ ಬೆಲೆ ಕೇಳಿದವರಿಗೆ ಆಗ ಸಿಕ್ಕ ಉತ್ತರ, ಇನ್ನೂ ಸ್ವಲ್ಪ ಕಾಯಿರಿ ಸಾರ್ ಅಂತ.

ನಮಸ್ಕಾರ.